ಉದ್ಯಮವನ್ನು ಕಲಿಯಲು ಸಾಧ್ಯವೆ?

ಬೆಂಗಳೂರಿನಿಂದ ಹೊರಟ ರೈಲುಗಾಡಿಯು ಅರಸೀಕೆರೆಯನ್ನು ಬಿಟ್ಟು, ಕಡೂರನ್ನು ದಾಟಿ, ಬೀರೂರು ಜಂಕ್ಷನ್ನನ್ನು ಸೇರುತ್ತದೆ. ಅಲ್ಲಿ ಹಾದಿ ಎರಡಾಗುತ್ತದೆ. ಒಂದು ಕವಲು ಅಜ್ಜಂಪುರದ ಬಯಲನ್ನು ಹಾದು ದಾವಣಗೆರೆ, ಹುಬ್ಬಳ್ಳಿಗಳ ಕಡೆಗೆ ಹೋಗುತ್ತದೆ. ಇನ್ನೊಂದು ತರೀಕೆರೆಯ ಮೇಲೆ ಭದ್ರಾವತಿ, ಶಿವಮೊಗ್ಗಗಳ ಕಡೆಗೆ ತಿರುಗುತ್ತದೆ. ಕಡೂರಿನ ತೆಂಗು, ಅಜ್ಜಂಪುರದ ಈರುಳ್ಳಿ, ತರೀಕೆರೆಯ ಅಡಕೆ ಇವೆಲ್ಲವೂ ಒಂದೆರಡು ಗಂಟೆಗಳ ಪ್ರಯಾಣದೊಳಗೆ ನಮ್ಮ ಕಣ್ಣಿಗೆ ಬೀಳುತ್ತವೆ. ಆದರೆ ಇದೇ ನಿಲ್ದಾಣಗಳಲ್ಲಿ ಎದುರು ದಿಕ್ಕಿನ ಗಾಡಿಗಾಗಿ ಕಾದು ನಿಂತವರನ್ನು ನೋಡಿದರೆ, ಅವರಲ್ಲಿ ಪದವಿಯನ್ನು ಮುಗಿಸಿ ಕೆಲಸವನ್ನರಸಿ ರಾಜಧಾನಿಗೆ ಹೊರಟ ತರುಣರು ಅನೇಕರಿರುತ್ತಾರೆ. ಬೆಳೆ ಇಲ್ಲಿದೆ, ಬೆಳೆಯನ್ನು ಬಲ್ಲ ಮಕ್ಕಳು ಹೊರಟಿದ್ದಾರೆ. ಈ ಎರಡನ್ನೂ ಒಂದೆಡೆ ಕೂಡಿಸಬಲ್ಲ ವಿದ್ಯೆ ಯಾವುದಾದರೂ ಉಂಟೆ?

ಉಂಟೆಂದು ಈಗಿನ ವಿಶ್ವವಿದ್ಯಾಲಯಗಳು ಹೇಳುತ್ತಿವೆ. ಅದಕ್ಕೆ ಉದ್ಯಮಶೀಲತೆಯೆಂದು ಹೆಸರು. ಹೊಸದಾಗಿ ಕಟ್ಟಿದ ಚಿಕ್ಕ ಉದ್ಯಮವನ್ನು ನವೋದ್ಯಮವೆಂದೋ ಸ್ಟಾರ್ಟ್‌ಅಪ್ ಎಂದೋ ಕರೆಯುವುದು ವಾಡಿಕೆಯಾಗಿದೆ. ಆದರೆ ಈಜನ್ನು ಪುಸ್ತಕದಿಂದ ಕಲಿಯಲಾಗದೆಂಬಂತೆ, ಉದ್ಯಮವನ್ನೂ ತರಗತಿಯಲ್ಲಿ ಕಲಿಸಲಾಗದೆಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಹೊಸ ಸಂಯೋಜನೆ

ಮೊದಲು ಪದದ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. ಅಂಗಡಿಯನ್ನು ತೆರೆದವರೆಲ್ಲ ಈ ಅರ್ಥದಲ್ಲಿ ಉದ್ಯಮಶೀಲರಲ್ಲ. ಜೋಸೆಫ್ ಷುಂಪೀಟರ್ ಎಂಬ ಅರ್ಥಶಾಸ್ತ್ರಜ್ಞರು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸ್ಪಷ್ಟಗೊಳಿಸಿದರು. ಹೊಸ ಪದಾರ್ಥ, ಹೊಸ ತಯಾರಿಕೆಯ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಹೊಸ ಬಗೆಯ ವ್ಯವಸ್ಥೆ ಈ ಐದರಲ್ಲಿ ಯಾವುದಾದರೊಂದನ್ನು ಜಾರಿಗೆ ತರುವವನೇ ಉದ್ಯಮಶೀಲನೆಂದು ಅವರ ಅಭಿಪ್ರಾಯ. ಹೊಸದನ್ನು ಕಂಡುಹಿಡಿಯುವುದು ಒಂದು ಕೆಲಸ. ಕಂಡುಹಿಡಿದದ್ದನ್ನು ಜನರ ಬಳಕೆಗೆ ತಲಪಿಸುವುದು ಇನ್ನೊಂದು ಕೆಲಸ. ಉದ್ಯಮಶೀಲನದು ಎರಡನೆಯದು.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಕಬ್ಬಿಣದ ಅದಿರು ಇತ್ತು; ಸುತ್ತಲಿನ ಕಾಡಿನಲ್ಲಿ ಸೌದೆಯಿತ್ತು; ಭದ್ರಾ ನದಿಯಲ್ಲಿ ನೀರಿತ್ತು. ಇವನ್ನು ಒಂದುಗೂಡಿಸಿದುದರಿಂದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಹುಟ್ಟಿತು. 1923ರಲ್ಲಿ ಅಲ್ಲಿ ಕಬ್ಬಿಣದ ತಯಾರಿಕೆ ಆರಂಭವಾಯಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮರದ ಇದ್ದಲಿನಿಂದಲೇ ಅದಿರನ್ನು ಕರಗಿಸಿದರು. ಆ ಮರವನ್ನು ಸುಮ್ಮನೆ ಸುಡದೆ ಭಟ್ಟಿಯಿಳಿಸಿ, ಅದರಿಂದ ಟಾರು, ಮರದ ಆಲ್ಕೊಹಾಲು ಮೊದಲಾದ ಉಪೋತ್ಪನ್ನಗಳನ್ನೂ ಪಡೆದರು.

ಈ ಕಾರ್ಖಾನೆಯ ಹಿಂದೆ ಇದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಅವಧಿಯ ಕಾರ್ಯಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಒಂದು ಸ್ವಾರಸ್ಯವಾದ ಸಂಗತಿ ಹೊಳೆಯುತ್ತದೆ. 1913ರಲ್ಲಿ ಮೈಸೂರು ಬ್ಯಾಂಕು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಅದರ ಬೆನ್ನಿಗೇ ಕಬ್ಬಿಣದ ಕಾರ್ಖಾನೆಯ ಕಾರ್ಯಾರಂಭ. ಹಣ, ವಿದ್ಯೆ, ಕುಶಲತೆ, ಕೈಗಾರಿಕೆ ಇವು ಬೇರೆಬೇರೆಯಾಗಿ ಬೆಳೆಯಲಾರವೆಂಬ ತಿಳುವಳಿಕೆ ಅದರ ಹಿಂದೆ ಇತ್ತು.

ಆದರೂ ಆ ಕಾರ್ಖಾನೆಗೆ ಮೊದಲ ದಿನಗಳು ಸುಖಕರವಾಗಿರಲಿಲ್ಲ. ಯೋಜನೆ ಹಾಕಿದಾಗ ಯುದ್ಧಕಾಲದ ಬೆಲೆಯಿತ್ತು. ಕಬ್ಬಿಣ ಹೊರಬಂದಾಗ ಬೆಲೆ ಇಳಿದುಹೋಗಿತ್ತು. ನಷ್ಟವಾಯಿತು. ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತಮಂಡಲಿಯ ಅಧ್ಯಕ್ಷರಾಗಿದ್ದು ಅದನ್ನು ಹಾದಿಗೆ ತಂದರು. ಕುಲುಮೆಯ ರಸಾಯನಶಾಸ್ತ್ರವು ಸರಿಯಾಗಿದ್ದರೂ ಪೇಟೆಯ ಲೆಕ್ಕ ತಪ್ಪಬಹುದೆಂಬ ಪಾಠವನ್ನು ನಾವು ಇಲ್ಲಿ ಕಲಿಯಬಹುದು.

ಕಲಿಸಬಹುದೆಂಬುದಕ್ಕೆ ಸಾಕ್ಷ್ಯ

ವಿಶ್ವವಿದ್ಯಾಲಯದಲ್ಲಿ ಉದ್ಯಮಶೀಲತೆಯನ್ನೇ ಒಂದು ಪಾಠವಾಗಿ ಕಲಿಸಲು ಮೊದಲು ಮಾಡಿದವರಲ್ಲಿ ಅಮೆರಿಕದ ಹಾರ್ವರ್ಡ್ ಸಂಸ್ಥೆಯ ಮೈಲ್ಸ್ ಮೇಸ್ ಎಂಬ ಅಧ್ಯಾಪಕರು ಮುಖ್ಯರು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ತರುಣರು ಕಾಲೇಜುಗಳಲ್ಲಿ ತುಂಬಿದ್ದ 1947ರ ವರ್ಷ ಅದು. ಮೊದಲ ತರಗತಿಗೇ 188 ವಿದ್ಯಾರ್ಥಿಗಳು ಸೇರಿದರು.

ಇದಕ್ಕಿಂತಲೂ ನಮಗೆ ಹತ್ತಿರವಾದ ಪ್ರಯೋಗವೊಂದು ಆಂಧ್ರದ ಕಾಕಿನಾಡದಲ್ಲಿ 1964ರ ಸುಮಾರಿಗೆ ನಡೆಯಿತು. ಡೇವಿಡ್ ಮೆಕ್ಲೆಲಂಡ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿನ ಸಣ್ಣ ವ್ಯಾಪಾರಗಾರರಿಗೂ ಕೈಗಾರಿಕೆಯವರಿಗೂ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯಲ್ಲಿ ಅಲ್ಪಕಾಲದ ಶಿಕ್ಷಣವನ್ನೇರ್ಪಡಿಸಿದರು. ಹಣವನ್ನಾಗಲಿ ಯಂತ್ರವನ್ನಾಗಲಿ ಅವರು ಕೊಡಲಿಲ್ಲ. ಗುರಿಯನ್ನು ಹೇಗೆ ಇಟ್ಟುಕೊಳ್ಳಬೇಕು, ಮಾಡಿದ ಕೆಲಸದ ಫಲವನ್ನು ಹೇಗೆ ಅಳೆದುಕೊಳ್ಳಬೇಕು ಎಂಬುದನ್ನು ಮಾತ್ರ ಕಲಿಸಿದರು. ಮುಂದೆ ವಿಚಾರಿಸಿದಾಗ, ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚಟುವಟಿಕೆಯಿಂದ ತಮ್ಮ ಉದ್ಯಮಗಳನ್ನು ವಿಸ್ತರಿಸಿದ್ದುದು ಕಂಡುಬಂದಿತು.

ಮೆಕ್ಲೆಲಂಡರು ಬಳಸಿದ ಒಂದು ಆಟವನ್ನು ಓದುಗರು ಮನೆಯಲ್ಲಿಯೇ ಆಡಿ ನೋಡಬಹುದು. ನೆಲದಲ್ಲಿ ಒಂದು ಗೂಟವನ್ನು ನೆಟ್ಟು, ದೂರದಿಂದ ಬಳೆಗಳನ್ನು ಅದಕ್ಕೆ ಬೀಳುವಂತೆ ಎಸೆಯಬೇಕು. ಎಲ್ಲಿ ನಿಲ್ಲಬೇಕೆಂಬುದು ಆಟಗಾರನ ಇಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ; ಗೆಲುವು ಖಂಡಿತ, ಆದರೆ ಅದರಲ್ಲಿ ಸ್ವಾರಸ್ಯವಿಲ್ಲ. ಕೆಲವರು ಬಹು ದೂರ ನಿಂತು ಅದೃಷ್ಟವನ್ನು ನಂಬುತ್ತಾರೆ. ಸಾಧನೆಯ ಹಂಬಲವುಳ್ಳವರು ಮಧ್ಯದ ದೂರವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಸೋಲೂ ಸಾಧ್ಯ, ಆದರೆ ಅಭ್ಯಾಸದಿಂದ ಗೆಲುವು ಹೆಚ್ಚುತ್ತದೆ. ಉದ್ಯಮವೆಂದರೆ ಜೂಜೆಂದು ತಿಳಿದವರು ಈ ಆಟವನ್ನು ನೆನೆಯಬೇಕು. ಉದ್ಯಮಶೀಲನು ದೂರವನ್ನು ಅಳೆದು ನಿಲ್ಲತಕ್ಕವನು.

ನಮ್ಮ ನೆರೆಯ ವಿಶ್ವವಿದ್ಯಾಲಯಗಳು

ಕಡೂರು, ತರೀಕೆರೆ, ಅಜ್ಜಂಪುರಗಳ ಪದವಿ ಕಾಲೇಜುಗಳು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ವ್ಯವಸಾಯವನ್ನು ಕಲಿಯುವವರಿಗೆ 2012ರಲ್ಲಿ ಶಿವಮೊಗ್ಗದಲ್ಲಿ ಆರಂಭವಾದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅದಕ್ಕೆ ಈಗ ಕೆಳದಿ ಶಿವಪ್ಪನಾಯಕರ ಹೆಸರು. ಚಿಕ್ಕಮಗಳೂರು ಜಿಲ್ಲೆಯೂ ಅದರ ಕಾರ್ಯಕ್ಷೇತ್ರಕ್ಕೆ ಸೇರಿದೆ.

ಭಾರತದ ಕೃಷಿ ಪದವಿ ವ್ಯಾಸಂಗದಲ್ಲಿ 2015ರಿಂದ ‘ಸ್ಟೂಡೆಂಟ್ ರೆಡಿ’ ಎಂಬ ಕಾರ್ಯಕ್ರಮವು ಜಾರಿಗೆ ಬಂದಿದೆ. ಅದರಂತೆ ಕೊನೆಯ ವರ್ಷದ ವಿದ್ಯಾರ್ಥಿಗಳು ತರಗತಿಯನ್ನು ಬಿಟ್ಟು ಹೊರಗೆ ಬರುತ್ತಾರೆ. ಒಂದು ಭಾಗದಲ್ಲಿ ಅವರು ಹಳ್ಳಿಯಲ್ಲಿಯೇ ವಾಸವಾಗಿದ್ದು ರೈತರೊಂದಿಗೆ ದುಡಿಯುತ್ತಾರೆ; ಬೆಳೆಯ ಖರ್ಚುವೆಚ್ಚಗಳನ್ನೂ ರೋಗಗಳನ್ನೂ ನೀರಿನ ಸ್ಥಿತಿಯನ್ನೂ ಕಣ್ಣಾರೆ ನೋಡಿ ಬರೆದಿಡುತ್ತಾರೆ. ಇನ್ನೊಂದು ಭಾಗದಲ್ಲಿ ಒಂದು ಸಣ್ಣ ಘಟಕವನ್ನು, ಉದಾಹರಣೆಗೆ ಅಣಬೆಯ ಬೇಸಾಯವನ್ನೋ ಎರೆಗೊಬ್ಬರದ ತಯಾರಿಕೆಯನ್ನೋ ಸಸಿಗಳ ಪಾಲನೆಯನ್ನೋ, ತಂಡವಾಗಿ ನಡೆಸಿ, ಮಾಲನ್ನು ಮಾರಿ, ಲಾಭನಷ್ಟಗಳ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಅಣಬೆಯ ಜೀವಶಾಸ್ತ್ರವನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವನೂ, ಕಿತ್ತ ಅಣಬೆ ಮರುದಿನದೊಳಗೆ ಮಾರಾಟವಾಗದಿದ್ದರೆ ಬಾಡಿಹೋಗುತ್ತದೆಂಬುದನ್ನು ಇಲ್ಲಿಯೇ ಕಲಿಯಬೇಕು.

ಕಾಲೇಜಿಗೆ ಹೋಗಲಾಗದವರಿಗೂ ಬಾಗಿಲು ಮುಚ್ಚಿಲ್ಲ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕುಗಳೊಡನೆ ಉಜಿರೆಯಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ತರುಣರಿಗೆ ಊಟವಸತಿಗಳೊಡನೆ ಅಲ್ಪಕಾಲದ ತರಬೇತಿಯನ್ನು ಕೊಡುತ್ತದೆ. ಅದರ ಮಾದರಿಯನ್ನೇ ಅನುಸರಿಸಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಅಂಥ ಸಂಸ್ಥೆಗಳೇರ್ಪಟ್ಟಿವೆ.

ಅಜ್ಜಂಪುರದ ಈರುಳ್ಳಿ: ಕಾಗದದ ಮೇಲಿನ ಪ್ರಯೋಗ

ಇಂಥ ಕಲಿಕೆಯಲ್ಲಿ ವಿಜ್ಞಾನದ ಪಾಲೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ನಾಲ್ವರು ವಿದ್ಯಾರ್ಥಿಗಳು ಅಜ್ಜಂಪುರದ ಕಡೆಯ ಹಳ್ಳಿಯೊಂದಕ್ಕೆ ಹೋದರೆಂದು ಊಹಿಸಿಕೊಳ್ಳೋಣ. ಈರುಳ್ಳಿಯ ಬೆಲೆ ಕುಸಿದಿದೆ. ‘ಬಿಸಿಲಿನಲ್ಲಿ ಒಣಗಿಸಿ ಮಾರೋಣ, ಅದಕ್ಕೊಂದು ಸೌರಯಂತ್ರವನ್ನು ನಿರ್ಮಿಸೋಣ’ ಎಂದು ಅವರಿಗೆ ತೋರುತ್ತದೆ. ಯೋಚನೆಯೇನೋ ಚೆನ್ನಾಗಿದೆ. ಆದರೆ ಯಂತ್ರಕ್ಕೆ ಹಣ ಹಾಕುವ ಮೊದಲು ಪೆನ್ಸಿಲನ್ನು ಕೈಗೆತ್ತಿಕೊಳ್ಳಬೇಕು.

ಹಸಿ ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 86 ಪಾಲು ನೀರು. ಆದುದರಿಂದ 100 ಕಿಲೋಗ್ರಾಂ ಈರುಳ್ಳಿಯಲ್ಲಿ ಘನಪದಾರ್ಥವಿರುವುದು 14 ಕಿಲೋಗ್ರಾಂ ಮಾತ್ರ. ಕೆಡದಂತೆ ಇಡಬೇಕಾದರೆ ಒಣ ಈರುಳ್ಳಿಯಲ್ಲಿ ನೀರು ನೂರಕ್ಕೆ 6ರಷ್ಟಕ್ಕೆ ಇಳಿಯಬೇಕು. ಆಗ ಉಳಿಯುವ ಒಟ್ಟು ತೂಕ ಹೆಚ್ಚುಕಡಮೆ 15 ಕಿಲೋಗ್ರಾಂ. ಉಳಿದ 85 ಕಿಲೋಗ್ರಾಂ ನೀರನ್ನು ಆವಿಯಾಗಿಸಬೇಕು. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಗುಪ್ತೋಷ್ಣ ಬೇಕು. ಒಟ್ಟು 204 ಮೆಗಾಜೂಲ್; ಅಂದರೆ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 57 ಯೂನಿಟ್.

ಚೆನ್ನಾದ ಬಿಸಿಲಿರುವ ದಿನ ಒಂದು ಚದರ ಮೀಟರಿನ ಮೇಲೆ ಸುಮಾರು 5 ಯೂನಿಟ್ ಶಕ್ತಿ ಬೀಳುತ್ತದೆಂದಿಟ್ಟುಕೊಳ್ಳೋಣ. ಸರಳವಾದ ಯಂತ್ರವು ಅದರಲ್ಲಿ ನೂರಕ್ಕೆ 30 ಪಾಲನ್ನು ಬಳಸಿಕೊಂಡರೆ ದಕ್ಕುವುದು ಒಂದೂವರೆ ಯೂನಿಟ್. ಹಾಗಾದರೆ 100 ಕಿಲೋಗ್ರಾಂ ಈರುಳ್ಳಿಯನ್ನು ಒಂದೇ ದಿನದಲ್ಲಿ ಒಣಗಿಸಲು 38 ಚದರ ಮೀಟರಿನ ಯಂತ್ರ ಬೇಕಾಗುತ್ತದೆ. ಒಂದು ಸಣ್ಣ ಮನೆಯ ಮಾಳಿಗೆಯಷ್ಟು ವಿಸ್ತಾರ! ಒಂದು ಲಾರಿಯ ಮಾಲಿಗೆ ಎಷ್ಟು ಬೇಕಾದೀತೆಂಬುದನ್ನು ಓದುಗರೇ ಗುಣಿಸಿ ನೋಡಲಿ. ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಮುಂಗಾರಿನ ಬೆಳೆ ಕೆಡುವುದು ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಾಗ. ಯಂತ್ರವು ಹೆಚ್ಚು ಬೇಕಾದ ದಿನವೇ ಬಿಸಿಲು ಇರುವುದಿಲ್ಲ.

ಹಾಗಾದರೆ ಅವರ ಯೋಚನೆ ವ್ಯರ್ಥವಾಯಿತೆ? ಇಲ್ಲ. ಪ್ರಶ್ನೆ ಬದಲಾಯಿತು. ಎಲ್ಲ ನೀರನ್ನೂ ತೆಗೆಯದೆ, ಗೆಡ್ಡೆಯ ಕುತ್ತಿಗೆಯನ್ನೂ ಹೊರಸಿಪ್ಪೆಯನ್ನೂ ಮಾತ್ರ ಒಣಗಿಸಿ, ನೆಲದಿಂದ ಮೇಲಕ್ಕೆತ್ತಿದ, ಗಾಳಿಯಾಡುವ ಅಟ್ಟಣೆಯಲ್ಲಿ ಕೆಲವು ವಾರ ಕಾಯ್ದಿರಿಸಿದರೆ ಹೇಗೆ? ಅದಕ್ಕೆ ಬೇಕಾದ ಶಕ್ತಿ ಬಹಳ ಕಡಮೆ. ಕಟ್ಟಲು ಊರಿನ ಬಡಗಿಯೇ ಸಾಕು. ಮಾರಬೇಕಾದ ವಸ್ತು ಯಂತ್ರವಲ್ಲ, ಕಾಯುವ ಶಕ್ತಿ ಎಂಬುದು ವಿದ್ಯಾರ್ಥಿಗಳಿಗೆ ಅರಿವಾಗುತ್ತದೆ. ಪ್ರಯೋಗಶಾಲೆಯಲ್ಲಿ ಊಹೆಯನ್ನು ಹೇಗೆ ಪರೀಕ್ಷೆಗೊಡ್ಡಿ ತಿದ್ದಿಕೊಳ್ಳುತ್ತೇವೆಯೋ, ಉದ್ಯಮದ ಯೋಜನೆಯನ್ನೂ ಹಾಗೆಯೇ ತಿದ್ದಿಕೊಳ್ಳಬೇಕು.

ತರೀಕೆರೆಯ ಹಾಳೆ: ಪೇಟೆಯ ಪರೀಕ್ಷೆ

ಅಜ್ಜಂಪುರದಿಂದ ಬೀರೂರಿಗೆ ಹಿಂದಿರುಗಿ ಇನ್ನೊಂದು ಕವಲನ್ನು ಹಿಡಿದರೆ ತರೀಕೆರೆಯ ಅಡಕೆ ತೋಟಗಳು ಎದುರಾಗುತ್ತವೆ. ತೋಟದಲ್ಲಿ ತಾನಾಗಿ ಉದುರುವ ಹಾಳೆಯನ್ನು ತೊಳೆದು, ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಬಿಸಿಯಾದ ಅಚ್ಚಿನಲ್ಲಿ ಒತ್ತಿದರೆ ಅಂದವಾದ ತಟ್ಟೆಯಾಗುತ್ತದೆ. ಅಂಟೂ ಬೇಡ, ಬಣ್ಣವೂ ಬೇಡ, ಬಿಸಾಡಿದರೆ ಮಣ್ಣಾಗುತ್ತದೆ. ಕನ್ನಡನಾಡಿನ ಅಡಕೆಯ ಸೀಮೆಗಳಲ್ಲಿ ಅನೇಕ ಸಣ್ಣ ಘಟಕಗಳು ಈ ಕೆಲಸದಲ್ಲಿ ತೊಡಗಿವೆ.

ಇದರ ಲೆಕ್ಕವನ್ನು ಹೀಗೆ ಮಾಡಬಹುದು. ಅನುಕೂಲಕ್ಕಾಗಿ ನಾವೇ ಅಂಕಿಗಳನ್ನು ಕಲ್ಪಿಸಿಕೊಂಡಿದ್ದೇವೆ. ಬಾಡಿಗೆ, ಸಾಲದ ಕಂತು ಮೊದಲಾದ ನಿಗದಿಯಾದ ಖರ್ಚು ತಿಂಗಳಿಗೆ 24,000 ರೂಪಾಯಿ. ಒಂದು ತಟ್ಟೆಗೆ ಹಾಳೆ, ಕೂಲಿ, ವಿದ್ಯುತ್ತು ಸೇರಿ 1 ರೂಪಾಯಿ 80 ಪೈಸೆ. ಮಾರುವ ಬೆಲೆ 3 ರೂಪಾಯಿ. ತಟ್ಟೆಯೊಂದಕ್ಕೆ ಉಳಿಯುವುದು 1 ರೂಪಾಯಿ 20 ಪೈಸೆ. ನಿಗದಿಯಾದ ಖರ್ಚನ್ನು ಇದರಿಂದ ಭಾಗಿಸಿದರೆ 20,000 ಬರುತ್ತದೆ. ತಿಂಗಳಿಗೆ ಇಷ್ಟು ತಟ್ಟೆಗಳು ಮಾರಾಟವಾದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. 25 ದಿನ ದುಡಿದರೆ ದಿನಕ್ಕೆ 800 ತಟ್ಟೆಗಳು. ಈಗ ಬೆಲೆ 40 ಪೈಸೆಯಷ್ಟೇ ಇಳಿಯಲಿ. ಉಳಿಕೆ 80 ಪೈಸೆಗೆ ಬರುತ್ತದೆ. ದಿನಕ್ಕೆ 1,200 ತಟ್ಟೆಗಳು ಬೇಕಾಗುತ್ತವೆ. ಬೆಲೆಯಲ್ಲಿ ಎಂಟನೆಯ ಒಂದು ಪಾಲಿಗೂ ಮಿಕ್ಕಿ ಇಳಿದದ್ದು ದುಡಿಮೆಯನ್ನು ಒಂದೂವರೆ ಪಾಲು ಮಾಡಿತು! ಈ ಸರಳವಾದ ಭಾಗಾಕಾರವನ್ನು ಮಾಡದೆ ಸಾಲವನ್ನು ತಂದು ಕೈಸುಟ್ಟುಕೊಳ್ಳಬಾರದು.

ಲೆಕ್ಕ ಸರಿಯಿದ್ದರೂ ಪೇಟೆಯು ಬೇರೊಂದು ಪ್ರಶ್ನೆಯನ್ನು ಕೇಳಬಹುದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಕೆಯ ಹಾಳೆಯ ತಟ್ಟೆಗಳಿಗೆ ಆಹಾರದೊಡನೆ ಬಳಸಲು ಅಲ್ಲಿ ಅನುಮತಿಯಿಲ್ಲವೆಂದು ತಿಳಿಸಿ, ಅವನ್ನು ಮಾರುಕಟ್ಟೆಯಿಂದ ತೆಗೆಯುವಂತೆ ತಯಾರಕರಿಗೂ ವ್ಯಾಪಾರಿಗಳಿಗೂ ಸೂಚಿಸಿತು. ಅಡಕೆಯ ಗಿಡದಲ್ಲಿ ಅರೆಕೋಲಿನ್ ಮೊದಲಾದ ಆಲ್ಕಲಾಯ್ಡುಗಳಿವೆ. ಅವು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂಬುದು ಆ ಆಕ್ಷೇಪಣೆಯ ತಿರುಳು. ರಫ್ತನ್ನೇ ನೆಚ್ಚಿದ್ದ ಘಟಕಗಳಿಗೆ ಇದು ದೊಡ್ಡ ಪೆಟ್ಟು.

ಇದಕ್ಕೆ ಕೋಪವೂ ಉತ್ತರವಲ್ಲ, ಶತಮಾನಗಳ ರೂಢಿಯೂ ಉತ್ತರವಲ್ಲ. ಬಿಸಿ ಸಾರನ್ನೂ, ಹುಳಿ ಮಜ್ಜಿಗೆಯನ್ನೂ, ಎಣ್ಣೆಯ ಪದಾರ್ಥವನ್ನೂ ತಟ್ಟೆಯಲ್ಲಿ ಬಡಿಸಿ, ನಿಗದಿಯಾದ ಹೊತ್ತಿನ ಮೇಲೆ ಅದರೊಳಗೆ ಎಷ್ಟು ಆಲ್ಕಲಾಯ್ಡು ಸೇರಿದೆಯೆಂದು ಅಳೆಯುವುದೇ ಉತ್ತರ. ಫಲಿತಾಂಶವು ನಮಗೆ ಅನುಕೂಲವಾಗಿದ್ದರೆ ಅದನ್ನು ಮುಂದಿಡಬೇಕು. ಪ್ರತಿಕೂಲವಾಗಿದ್ದರೆ ತಟ್ಟೆಯ ಬದಲು ಹೂಕುಂಡವನ್ನೋ ಹೊದಿಕೆಯ ಡಬ್ಬಿಯನ್ನೋ ಮಾಡುವ ದಾರಿಯನ್ನು ಹುಡುಕಬೇಕು. ಒಂದೆರಡು ಅಚ್ಚುಗಳನ್ನಿಟ್ಟುಕೊಂಡ ಸಣ್ಣ ಘಟಕಕ್ಕೆ ಇಂಥ ಪರೀಕ್ಷೆಯ ಸಲಕರಣೆಗಳು ಎಲ್ಲಿಂದ ಬರಬೇಕು? ಅವು ಇರುವುದು ವಿಶ್ವವಿದ್ಯಾಲಯಗಳಲ್ಲಿ. ವಿಶ್ವವಿದ್ಯಾಲಯವು ಉದ್ಯಮಕ್ಕೆ ಕೊಡಬಹುದಾದ ನಿಜವಾದ ಸಹಾಯವು ಭಾಷಣಕ್ಕಿಂತ ಹೆಚ್ಚಾಗಿ ಇದೇ ಎಂದು ನಮಗೆ ತೋರುತ್ತದೆ.

ಸೋಲಿನ ಬೆಲೆ

ಈಗ ಕಠಿಣವಾದ ಮಾತೊಂದನ್ನು ಹೇಳಬೇಕಾಗಿದೆ. ತರಗತಿಯ ಯೋಜನೆ ಸೋತರೆ ಕೆಲವು ಅಂಕಗಳು ಹೋಗುತ್ತವೆ. ಆದರೆ ಎರಡೆಕರೆ ಜಮೀನನ್ನು ಒತ್ತೆಯಿಟ್ಟು ಆರಂಭಿಸಿದ ಘಟಕ ಸೋತರೆ ಮನೆಯೇ ಅಲುಗಾಡುತ್ತದೆ. ‘ಸೋಲನ್ನು ಅಂಜಬೇಡಿ’ ಎಂದು ತರುಣರಿಗೆ ಉಪದೇಶ ಮಾಡುವವರು ಆ ಸೋಲಿನ ವೆಚ್ಚವನ್ನು ಯಾರು ಹೊರುತ್ತಾರೆಂಬುದನ್ನೂ ಹೇಳಬೇಕು. ಸೋಲುಗಳು ಚಿಕ್ಕವೂ ಅಗ್ಗವೂ ಆಗಿರುವಂತೆ ನೋಡಿಕೊಳ್ಳುವುದೇ ಒಳ್ಳೆಯ ಕಾರ್ಯಕ್ರಮದ ಗುರುತು. ವಿಶ್ವವಿದ್ಯಾಲಯಗಳಲ್ಲಿ ಇನ್‌ಕ್ಯುಬೇಟರುಗಳೆಂಬ ಕೇಂದ್ರಗಳೇರ್ಪಟ್ಟಿರುವುದು ಇದಕ್ಕಾಗಿಯೆ. ಮೊಟ್ಟೆಗೆ ಕಾವು ಕೊಡುವಂತೆ, ಮರಿ ಉದ್ಯಮಕ್ಕೆ ಸ್ಥಳ, ಸಲಕರಣೆ, ಸಲಹೆಗಳನ್ನು ಅವು ಒದಗಿಸುತ್ತವೆ. ಕರ್ನಾಟಕ ಸರಕಾರವು 2015ರಲ್ಲಿ ನವೋದ್ಯಮಗಳ ನೀತಿಯನ್ನು ಪ್ರಕಟಿಸಿತು. 2016ರ ಜನವರಿಯಲ್ಲಿ ‘ಸ್ಟಾರ್ಟ್‌ಅಪ್ ಇಂಡಿಯಾ’ ಯೋಜನೆ ಹೊರಟಿತು.

ಹಣದ ವ್ಯವಸ್ಥೆಯೂ ಒಂದು ನವೀನ ಸಾಧನೆಯಾಗಬಲ್ಲುದೆಂಬುದನ್ನು ತೋರಿಸಿದವರು ಹರೀಶ್ ಹಂದೆಯವರು. ಸೌರಶಕ್ತಿಯ ವಿಷಯದಲ್ಲಿ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಅವರು 1995ರಲ್ಲಿ ಕರ್ನಾಟಕದಲ್ಲಿ ಸೆಲ್ಕೊ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲುಗೊಂಡರು. ಹಳ್ಳಿಯ ಬಡವರು ಸೌರದೀಪವನ್ನು ಕೊಳ್ಳಲಾರರೆಂಬ ನಂಬಿಕೆ ಆಗ ಎಲ್ಲೆಲ್ಲೂ ಇತ್ತು. ಒಂದೇ ಸಲ ಪೂರ್ತಿ ಬೆಲೆ ಕೊಡಲಾರದವರೂ ತಮ್ಮ ಸಂಪಾದನೆಗೆ ಹೊಂದುವ ಕಂತುಗಳಲ್ಲಿ ಕೊಡಬಲ್ಲರೆಂಬುದನ್ನು ಅವರು ಕಂಡುಕೊಂಡು, ಬ್ಯಾಂಕುಗಳ ಸಾಲವನ್ನು ದೀಪದೊಡನೆ ಜೋಡಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸೌರಫಲಕವನ್ನು ಅವರು ಕಂಡುಹಿಡಿಯಲಿಲ್ಲ. ಷುಂಪೀಟರರ ಮಾತಿನಂತೆ ಹೊಸ ವ್ಯವಸ್ಥೆಯನ್ನು ಕಟ್ಟಿದರು.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಉದ್ಯಮದ ಹಂಬಲವನ್ನು ಯಾರೂ ಯಾರಿಗೂ ಪೂರ್ತಿಯಾಗಿ ಕಲಿಸಲಾರರು. ಆದರೆ ಅಳತೆ, ಲೆಕ್ಕ, ತಾಳ್ಮೆ, ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವ ಧೈರ್ಯ ಇವನ್ನು ಕಲಿಸಬಹುದು. ಇವು ವಿಜ್ಞಾನದ ವಿದ್ಯಾರ್ಥಿಗೆ ಹೊಸವೂ ಅಲ್ಲ. ಈಜನ್ನು ಪುಸ್ತಕದಿಂದ ಕಲಿಯಲಾಗದು ನಿಜ. ಆದರೆ ಆಳವಿಲ್ಲದ ನೀರಿನಲ್ಲಿ, ದಡದ ಮೇಲೆ ನೋಡುವವರಿರುವಾಗ ಕಲಿಯಬಹುದಲ್ಲವೆ?

ಪ್ರೌಢಶಾಲೆಯ ಓದುಗರು ಅದಕ್ಕಾಗಿ ಕಾಲೇಜಿನವರೆಗೆ ಕಾಯಬೇಕಾಗಿಲ್ಲ. ಮನೆಯ ಒಂದು ಬೆಳೆಯನ್ನೋ ತಾಯಿತಂದೆಗಳ ಒಂದು ಕಸುಬನ್ನೋ ಆರಿಸಿಕೊಂಡು, ಒಂದು ವರ್ಷದ ಖರ್ಚನ್ನೂ ಹುಟ್ಟುವಳಿಯನ್ನೂ ನೋಟುಪುಸ್ತಕದಲ್ಲಿ ಬರೆದಿಡಲಿ. ಎಲ್ಲಿ ವಸ್ತು ಹಾಳಾಗುತ್ತದೆ, ಎಲ್ಲಿ ದುಡಿಮೆ ವ್ಯರ್ಥವಾಗುತ್ತದೆ, ಎಲ್ಲಿ ಬೆಲೆ ಕೈತಪ್ಪುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಲಿ. ಆ ಗುರುತುಗಳಲ್ಲಿ ಒಂದಾದರೂ ಮುಂದೆ ಉದ್ಯಮವಾದೀತು. ಆಗ ಬೀರೂರಿನ ನಿಲ್ದಾಣದಲ್ಲಿ ಗಾಡಿ ಹತ್ತುವ ತರುಣನು, ಹೋಗಲೇಬೇಕಾಗಿ ಹೋಗುವುದಕ್ಕೂ ಬೇಕೆಂದು ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿದೇ ಹತ್ತುತ್ತಾನೆ. ಬೇಕೆನಿಸಿದ ದಿನ ಹಿಂದಿರುಗಿ ಇಳಿಯಲು ಅವನಿಗೊಂದು ಕಾರಣವೂ ಇರುತ್ತದೆ.